ಮೋಟರಿಗೆ ತಾಳ್ಮೆ ಕಲಿಸಿದ ಹಸೀಬಾ

ಗಂಗಾವತಿಯ ಹೊರವಲಯದಲ್ಲಿರುವ ನಾಗೇಶ ಅವರ ರೈಸ್ ಮಿಲ್ಲಿಗೆ ಬೆಳಗಿನ ಪಾಳಿಯವರು ಇನ್ನೂ ಬಂದಿಲ್ಲ. ಒಳಗೆ ತೌಡಿನ ವಾಸನೆ, ಹೊರಗೆ ಚೆಲ್ಲಿದ ಕಾಳಿಗೆ ಗುಬ್ಬಚ್ಚಿಗಳ ಜಗಳ. ಖಾಲಿ ಚೀಲವೊಂದನ್ನು ಮಡಿಸಿ ಹಾಸಿಕೊಂಡು ಹಸೀಬಾ ಕರೆಂಟಿನ ಪೆಟ್ಟಿಗೆಯ ಮುಂದೆ ಕೂತಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪು. ಅದರಿಂದ ಹೊರಟ ತಂತಿ ಪೆಟ್ಟಿಗೆಯೊಳಗಿನ ಅಂಗೈಯಗಲದ ಬೋರ್ಡಿಗೆ ಸೇರಿದೆ. ಮಿಲ್ಲು ನಿಂತಿರುವ ಈ ಹೊತ್ತಿನಲ್ಲಷ್ಟೇ ಅವರಿಗೆ ಇಲ್ಲಿ ಕೆಲಸ.

“ಒಂಚೂರು ಸುಮ್ಕಿರ್ರಿ ಸರ, ಈಗ ಇಳ್ಯಾಕತ್ತೈತಿ” ಎನ್ನುತ್ತಾರೆ. ಇಳಿಯುತ್ತಿರುವುದು ಪ್ರೋಗ್ರಾಮು. ಪತ್ರಿಕೆಯವರ ಬಾಯಿ ಮುಚ್ಚಿಸುವುದು ಸಾಮಾನ್ಯದ ಮಾತಲ್ಲ. ನಾನು ಮುಚ್ಚಿಕೊಂಡು ಕೂರುತ್ತೇನೆ.

ಪೆಟ್ಟಿಗೆಯ ಆಚೆಗಿರುವುದು ಬೆಲ್ಟಿಗೆ ಕಟ್ಟಿದ ಡಬ್ಬಿಗಳಲ್ಲಿ ಭತ್ತವನ್ನು ಮಾಳಿಗೆಗೆ ಎತ್ತುವ ಎಲಿವೇಟರಿನ ಮೋಟರು. ಅದು ಎಷ್ಟು ನಿಧಾನವಾಗಿ ಏಳಬೇಕು, ಬಿಸಿಯೇರಿದರೆ ಯಾವಾಗ ನಿಲ್ಲಬೇಕು ಎಂಬುದನ್ನೆಲ್ಲ ಆ ಬೋರ್ಡಿನೊಳಗಿನ ಪ್ರೋಗ್ರಾಮು ತೀರ್ಮಾನಿಸುತ್ತದೆ. ಇಂಥ ಬೋರ್ಡುಗಳನ್ನು ತಯಾರಿಸುವುದು ಗಾಳೇಶ ಎಂಬವರ ಸಣ್ಣ ಶೆಡ್ಡು. ಗಂಗಾವತಿಯ ಮಿಲ್ಲುಗಳಿಂದ ಹಿಡಿದು ಕುಷ್ಟಗಿಯ ಕೊಳವೆಬಾವಿಗಳವರೆಗೆ ನೂರೈವತ್ತಕ್ಕೂ ಹೆಚ್ಚು ಮೋಟರುಗಳು ಆ ಶೆಡ್ಡಿನ ಮಾತು ಕೇಳುತ್ತವೆ. ಪ್ರೋಗ್ರಾಮು ಬರೆಯುವವರು ಅಲ್ಲಿ ಬೇರೆಯವರೂ ಇದ್ದಾರೆ. ಬರೆದದ್ದು ಎಲ್ಲಿರಬೇಕು, ಯಾವುದು ಯಾವ ಮೋಟರಿಗೆ ಹೋಗಬೇಕು, ಒಂದು ಕಡೆ ತಿದ್ದಿದ್ದು ಎಲ್ಲ ಕಡೆಗೂ ಮುಟ್ಟಿತೇ ಎಂದು ಅಚ್ಚುಕಟ್ಟು ಮಾಡುವವರು ಹಸೀಬಾ. ಮದುವೆ ಮನೆಯಲ್ಲಿ ಉಗ್ರಾಣದ ಕೀಲಿ ಹಿಡಿದವರ ಪಾಡು ಇವರದು. ಊಟ ರುಚಿಯಾದರೆ ಹೆಸರು ಅಡುಗೆಯವರಿಗೆ, ಉಪ್ಪು ಸಿಗದಿದ್ದರೆ ಬೈಗುಳ ಇವರಿಗೆ.

ಇರಕಲ್ಲಗಡದ ಹೆಣ್ಣುಮಗಳು. ತಂದೆ ಇಬ್ರಾಹಿಂಸಾಬ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿಕೊಡುತ್ತಿದ್ದರು. ಆಡಿ ಬೆಳೆದದ್ದೇ ಬಿಚ್ಚಿಟ್ಟ ಮೋಟರುಗಳ ನಡುವೆ. ಡಿಪ್ಲೊಮಾ ಮುಗಿಸಿ ಗಾಳೇಶರ ಶೆಡ್ಡಿಗೆ ಸೇರಿದಾಗ ಕೈಗೆ ಕೊಟ್ಟದ್ದು ಬೆಸುಗೆ ಹಾಕುವ ಕೆಲಸ. ಮಿಲ್ಲುಗಳಿಗೆ ಹೋದರೆ ಕಾವಲುಗಾರರು ಗೇಟಿನಲ್ಲೇ ತಡೆಯುತ್ತಿದ್ದರು.

“ನಿಮ್ಮ ಮಿಸ್ತ್ರಿ ಎಲ್ಲಿ ಅದಾನ, ಅಂವ ಬರ್ಲಿ ಅಂತಿದ್ರು. ನಾನಾ ಮಿಸ್ತ್ರಿ ಅದೀನ್ರಿ ಅಂದ್ರ ನಗತಿದ್ರು. ಈಗ ಗೇಟ್ ತೆಗದು ಚಾ ಕೊಡ್ತಾರ. ಚಾ ಮಾತ್ರ ಭಾಳ ಸಿಹಿ ಮಾಡ್ತಾರ್ರಿ” ಎಂದು ಹಸೀಬಾ ನಗುತ್ತಾರೆ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಗಿರಾಕಿ ಬಂದರೆ, ಹಿಂದೆ ಸರಿಯಾಗಿ ಓಡಿದ ಯಾವುದೋ ಪ್ರೋಗ್ರಾಮನ್ನು ನಕಲು ಮಾಡಿ ಮಾಲೀಕನ ಹೆಸರಿಟ್ಟುಬಿಡುವುದು. ಕಂಪ್ಯೂಟರಿನ ತುಂಬ ‘ನಾಗೇಶ ಮಿಲ್ ಹೊಸದು’, ‘ನಾಗೇಶ ಮಿಲ್ ಕಡೀಕಿಂದು’, ‘ನಾಗೇಶ ಮಿಲ್ ಕಡೀಕಿಂದು ಖರೇ’ ಎಂಬ ಸಂತತಿ. ಯಾವುದು ಖರೆ ಎಂದು ದೇವರೇ ಹೇಳಬೇಕಿತ್ತು.

ಅತ್ತ ಕುಕನೂರು, ಯಲಬುರ್ಗಾ ಕಡೆಯ ಒಣಭೂಮಿಯಲ್ಲಿ ತ್ರೀ ಫೇಸ್ ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಬಂದ ಕೂಡಲೇ ಪಂಪು ತಾನಾಗಿ ಚಾಲೂ ಆಗಬೇಕು, ರೈತ ಹೊಲಕ್ಕೆ ಓಡುವಂತಿರಬಾರದು. ಶೆಡ್ಡಿಗೆ ಹೆಸರು ತಂದದ್ದೇ ಈ ಪಂಪಿನ ಪ್ರೋಗ್ರಾಮು. ಮೂರು ವರ್ಷದ ಹಿಂದೆ ನಾಗೇಶರ ಎಲಿವೇಟರಿಗೆ ಬೋರ್ಡು ಮಾಡುವಾಗ ನಕಲು ಮಾಡಿದ್ದು ಅದನ್ನೇ. ಅಂಕಿಗಳನ್ನು ಬದಲಿಸಿದರು. ತಾನಾಗಿ ಚಾಲೂ ಆಗುವ ಗುಣ ಮಾತ್ರ ಹಾಗೇ ಉಳಿಯಿತು.

ಒಂದು ದಿನ ಕರೆಂಟು ಹೋಗಿ ಎಲಿವೇಟರು ತುಂಬಿದ ಭತ್ತದೊಂದಿಗೆ ನಿಂತಿತು. ಅದರ ಬುಡದ ತಗ್ಗನ್ನು ಗುಡಿಸಿ ಸ್ವಚ್ಛ ಮಾಡುವ ಶಿವಲಿಂಗಮ್ಮ ಕಟ್ಟಿಗೆ ಹಿಡಿದು, ಸಿಕ್ಕಿಕೊಂಡ ಕಾಳನ್ನು ಕೆದರತೊಡಗಿದರು. ಅಷ್ಟರಲ್ಲಿ ಕರೆಂಟು ಬಂತು. ಯಾರೂ ಏನೂ ಒತ್ತದೆಯೇ ಎಲಿವೇಟರು ಹೊರಟಿತು.

“ಕಟ್ಟಿಗಿ ಎರಡ ತುಂಡಾತ್ರಿ. ಕೈ ಆಗಷ್ಟ ಹೊರಗ ತಗೊಂಡಿದ್ದೆ” ಎನ್ನುತ್ತಾರೆ, ಇವತ್ತು ಪಾಳಿಗೆ ಮುಂಚೆಯೇ ಬಂದಿರುವ ಶಿವಲಿಂಗಮ್ಮ. ಹೇಳುವಾಗ ಅವರ ಬಲಗೈ ತಾನಾಗಿ ಸೆರಗಿನೊಳಗೆ ಸೇರುತ್ತದೆ. ಅಂದಿನಿಂದ ಅವರು ತಗ್ಗಿನ ಕಡೆ ಸುಳಿದಿಲ್ಲ. ಅದಕ್ಕಿಂತ ಭಾರದ ತೌಡಿನ ಚೀಲ ಹೊರುವ ಕೆಲಸ ಒಪ್ಪಿಕೊಂಡಿದ್ದಾರೆ. ನಾಗೇಶ ಆ ಬೋರ್ಡು ಕಿತ್ತೊಗೆದು ಹಳೆಯ ಕೈ ಸ್ಟಾರ್ಟರ್ ಹಾಕಿಸಿದರು.

ತಪ್ಪು ಯಾರದಿತ್ತು ಎಂದು ಹಸೀಬಾರನ್ನು ಕೇಳುತ್ತೇನೆ.

“ಒಬ್ಬರದು ಅಂತ ಹೆಂಗ ಹೇಳೂದ್ರಿ? ಎಲ್ಲಾರೂ ಹಂಗಾ ಮಾಡ್ತಿದ್ವಿ. ಆ ಬೋರ್ಡಿಗೆ ಬೆಸುಗಿ ಹಾಕಿದ್ದು ನಾನಾ. ಅವತ್ತ ಇಲ್ಲಿಗೆ ಬಂದು ಆ ಕಟ್ಟಿಗಿ ನೋಡಿದೆ. ಊಟ ಸೇರ್ಲಿಲ್ಲ ನೋಡ್ರಿ.”

ಮರುದಿನವೇ ಹಸೀಬಾ ಗಾಳೇಶರ ಮುಂದೆ ನಿಂತು, ಎಲ್ಲ ಪ್ರೋಗ್ರಾಮುಗಳನ್ನೂ ಬಿಚ್ಚಿ ಹೊಸದಾಗಿ ಜೋಡಿಸುತ್ತೇನೆ ಎಂದರು. “ಓಡೋದನ್ನ ಯಾಕ ಕೆದರತಿ ತಂಗಿ?” ಎಂದರು ಗಾಳೇಶ. ಹಾಗೆಂದವರು ಅವರೊಬ್ಬರೇ ಅಲ್ಲ. ಹಸೀಬಾ ಹಟ ಬಿಡಲಿಲ್ಲ. ದಿನದ ಬೆಸುಗೆ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಒಂದೊಂದೇ ಪ್ರೋಗ್ರಾಮು ಬಿಚ್ಚಿದರು. ಎರಡು ಸುಗ್ಗಿ ಕಳೆಯಿತು.

“ಮೂರು ಖಾನೆ ಮಾಡಿದ್ನಿರಿ” ಎಂದು ಬೆರಳು ಮಡಚುತ್ತಾರೆ. “ಒಂದರಾಗ ಎಲ್ಲಾ ಮೋಟರಿಗೂ ಬೇಕಾದ್ದು, ಕರೆಂಟ್ ಅಳೆಯೋದು, ಕಾವು ನೋಡೋದು, ನಿಲ್ಸೋದು. ಅದು ಒಂದಾ ಇರ್ತೈತಿ, ಯಾರೂ ನಕಲು ಮಾಡಂಗಿಲ್ಲ. ಅಲ್ಲಿ ತಿದ್ದಿದ್ರ ಎಲ್ಲಾರಿಗೂ ತಿದ್ದಿದಂಗ. ಎರಡನೇದ್ರಾಗ ಕೆಲಸ. ನೀರ ಎತ್ತೂದೋ, ನೆಲ್ಲು ಎತ್ತೂದೋ ಅಂತ. ಮೂರನೇದ್ರಾಗ ಆ ಒಂದು ಮೋಟರಿನ ಅಂಕಿ ಅಷ್ಟ. ಕರೆಂಟ್ ಬಂದ್ರ ತಾನಾ ಚಾಲೂ ಆಗ್ಬೇಕೋ ಬ್ಯಾಡೋ, ಅದನ್ನ ಕೆಲಸದ ಖಾನೆದಾಗ ಬಾಯಿಬಿಟ್ಟು ಹೇಳಬೇಕು. ಹೇಳೂದು ಮರತ್ರ, ಬ್ಯಾಡ ಅಂತಾನ ಲೆಕ್ಕ.”

ಕೊನೆಯ ಮಾತಿಗೆ ನಾನು ಮನಸಾರೆ ತಲೆದೂಗುತ್ತೇನೆ. ಮನುಷ್ಯರು ಮರೆಯುತ್ತಾರೆ. ಮರೆತಾಗಲೂ ಯಾರ ಕೈಗೂ ಏನೂ ಆಗಬಾರದು ಎಂದು ಮೊದಲೇ ಯೋಚಿಸಿದ ಜೋಡಣೆ ಇದು. ಈಗ ಗಾಳೇಶರೇ ಹೊಸಬರಿಗೆ ಮೊದಲು ಖಾನೆಗಳ ಪಾಠ ಮಾಡಿಸುತ್ತಾರಂತೆ.

ಹಳೆಯ ಸ್ಟಾರ್ಟರಿನ ಜರ್ಕಿಗೆ ಸುಗ್ಗಿಯಲ್ಲಿ ಬೆಲ್ಟು ಹರಿದು ಹರಿದು ನಾಗೇಶರಿಗೂ ಸಾಕಾಗಿದೆ. ಇವತ್ತು ಹೊಸ ಬೋರ್ಡಿಗೆ ಅವಕಾಶ ಕೊಟ್ಟಿದ್ದಾರೆ, ಷರತ್ತಿನ ಮೇಲೆ. “ನಾ ಒಪ್ಪಿದ್ರ ಆಗಂಗಿಲ್ಲ. ಶಿವಲಿಂಗಮ್ಮ ಹ್ಞೂಂ ಅನ್ನಬೇಕು. ಇಲ್ಲಾಂದ್ರ ಬಿಚ್ಕೊಂಡು ಹೋಗ್ರಿ.” ಮಾಲೀಕರಲ್ಲಿ ಇಂಥ ಷರತ್ತು ಹಾಕುವವರು ಅಪರೂಪ.

ಏನಾದೀತು ಎಂದು ಹಸೀಬಾರನ್ನು ಕೇಳುತ್ತೇನೆ. “ಬೋರ್ಡ್ ಬಗ್ಗೆ ಚಿಂತಿ ಇಲ್ರಿ, ಶೆಡ್ಡಿನ್ಯಾಗ ಸಾಕಷ್ಟು ಸಲ ಕರೆಂಟ್ ತೆಗದು ಕೊಟ್ಟು ನೋಡೀನಿ. ಆದ್ರ ಅಕ್ಕಂದು ಅಂಜಿಕಿ ನನ್ನ ಕಂಪ್ಯೂಟರಿನ್ಯಾಗ ಇಲ್ಲಲ್ಲ.”

ಪಾಳಿಯವರು ಬರುತ್ತಾರೆ. ಶಿವಲಿಂಗಮ್ಮ ದೂರದ ಕಂಬಕ್ಕೆ ಒರಗಿ ನಿಲ್ಲುತ್ತಾರೆ. ಎಲಿವೇಟರು ಓಡುತ್ತಿರುವಾಗ ನಾಗೇಶ ಮೇನ್ ಸ್ವಿಚ್ಚು ಕೆಳಗೆಳೆಯುತ್ತಾರೆ. ಸದ್ದು ನಿಲ್ಲುತ್ತದೆ. ಮತ್ತೆ ಮೇಲೆತ್ತುತ್ತಾರೆ. ಬೋರ್ಡಿನ ದೀಪ ಹತ್ತುತ್ತದೆ. ಎಲಿವೇಟರು ಮಿಸುಕುವುದಿಲ್ಲ.

“ಇನ್ನೊಮ್ಮಿ” ಎನ್ನುತ್ತಾರೆ ಶಿವಲಿಂಗಮ್ಮ. ಇನ್ನೊಮ್ಮೆಯೂ ಅಷ್ಟೇ.

“ಬರೇ ಇದ್ದಾಗ ಏನ್ ನೋಡ್ತೀರಿ? ಅವತ್ತ ನೆಲ್ಲು ತುಂಬಿತ್ತು. ತುಂಬಿಸಿ ತೆಗೀರಿ.”

ಹಸೀಬಾರ ಮುಖ ಅರಳುತ್ತದೆ. “ಛಲೋ ಕೇಳಿದ್ರಿ ಅಕ್ಕಾ. ಹಂಗಾ ನೋಡೋಣು.” ಹಮಾಲರು ಚೀಲ ಸುರಿಯುತ್ತಾರೆ. ಭತ್ತ ಏರುತ್ತಿರುವಾಗಲೇ ಕರೆಂಟು ಕಡಿದು, ಮತ್ತೆ ಕೊಡುತ್ತಾರೆ. ತುಂಬಿದ ಎಲಿವೇಟರು ನಿಂತಲ್ಲೇ ನಿಂತಿದೆ.

“ಇನ್ನ ಚಾಲೂ ಆಗ್ಬೇಕಂದ್ರ ಆ ಹಸರ ಬಟನ್ ಒತ್ತಬೇಕು. ಅದನ್ನ ತಗ್ಗಿನ ದಂಡಿಗೇ ಕೂಡ್ಸೀನಿ” ಎನ್ನುತ್ತಾರೆ ಹಸೀಬಾ. “ಅಲ್ಲಿ ಕೆಲಸ ಮಾಡೋರಿಗೆ ಅಷ್ಟ ಅದು ಕೈಗೆ ಸಿಗತೈತಿ. ಹಂಗಂತ ಇದನ್ನ ನಂಬಿ ಕೈ ಹಾಕಬ್ಯಾಡ್ರಿ ಅಕ್ಕಾ, ಮೇನ್ ತೆಗದಾ ಕೈ ಹಾಕ್ರಿ.”

ಶಿವಲಿಂಗಮ್ಮ ಕಂಬ ಬಿಟ್ಟು ಬರುತ್ತಾರೆ. ತಗ್ಗಿನೊಳಗೆ ಬಗ್ಗಿ ನೋಡುತ್ತಾರೆ. ಸುತ್ತ ನಿಂತವರನ್ನೆಲ್ಲ ಕೈಬೀಸಿ ಹಿಂದೆ ಸರಿಸುತ್ತಾರೆ, ಮಾಲೀಕರನ್ನೂ. ಆಮೇಲೆ ಬಟನ್ ಒತ್ತುತ್ತಾರೆ. ಎಲಿವೇಟರು ನಿಧಾನವಾಗಿ ಎದ್ದು ವೇಗ ಹಿಡಿಯುತ್ತದೆ. ನಾಗೇಶ ಶಿವಲಿಂಗಮ್ಮನ ಮುಖ ನೋಡುತ್ತಾರೆ, “ಏನಂತೀಯವ್ವಾ?”

ಹಸೀಬಾ ಕೈಯಲ್ಲಿ ತಂತಿ ಹಿಡಿದುಕೊಂಡೇ ನಿಂತಿದ್ದಾರೆ.

“ಏನನ್ನೂದ್ರಿ? ತಗ್ಗಿನ ಸುತ್ತ ಎಷ್ಟ ಹೊಲಸ ಮಾಡ್ಯಾರ ನೋಡ್ರಿ” ಎನ್ನುತ್ತಾರೆ ಶಿವಲಿಂಗಮ್ಮ. “ನನ್ನ ಕಸಬರಿಗಿ ಯಾರ ತಗೊಂಡೀರಿ? ತರ್ರಿ ಇಲ್ಲಿ.”