ಕರಿ ವೈರು, ಹಸಿರು ವೈರು

ಆ ಸಂಜೆ ನಾನು ಗಾಡಿ ಸಮೇತ ನೀರಿನ ಕಾಲುವೆಗೆ ಇಳಿದದ್ದು ನಿಜ. ಆದರೆ ಬಿದ್ದಿರಲಿಲ್ಲ. ತಮ್ಮ ಮಾತ್ರ ಇಂದಿಗೂ ಆ ದಿನವನ್ನು "ಅಕ್ಕ ಬಿದ್ದಾಗ" ಎಂದೇ ಹೇಳುತ್ತಾನೆ.

ಕಮಲಾಪುರದ ಹೊರಗೆ ನಮ್ಮದೊಂದು ಕೆಂಪು ಬಾಳೆಯ ತೋಟವಿದೆ. ನಾನೂ ತಮ್ಮನೂ ಸೇರಿ ಅದನ್ನು ನೋಡಿಕೊಳ್ಳುತ್ತೇವೆ. ನನ್ನ ಎಡಗಾಲು ಪೋಲಿಯೋದಿಂದ ಚಿಕ್ಕಂದಿನಲ್ಲೇ ಸೋತದ್ದು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತೇನೆ. ಮನೆಯಲ್ಲಿ, ರಸ್ತೆಯ ಮೇಲೆ ಅಷ್ಟು ಸಾಕು. ನೀರು ಬಿಟ್ಟ ತೋಟದಲ್ಲಿ ಸಾಲದು; ನಮ್ಮ ಕೆಂಪು ಮಣ್ಣು ಒಮ್ಮೆ ಬೂಟು ಹಿಡಿದರೆ ಬಿಡುವುದಿಲ್ಲ. ಹಾಗಾಗಿ ಎಷ್ಟೋ ವರ್ಷ ನಾನು ನನ್ನ ತೋಟವನ್ನೇ ಬದುವಿನ ಮೇಲಿನ ಕುರ್ಚಿಯಿಂದ ನೋಡಿದವಳು. ಒಳಗೆ ಯಾವ ಗಿಡಕ್ಕೆ ಏನಾಗಿದೆ ಎಂದು ಬೇರೆಯವರು ಬಂದು ಹೇಳಬೇಕಿತ್ತು.

ಕಲಬುರಗಿಯ ಅಂಚಿನಲ್ಲಿ, ಶರಣಸಿರಸಗಿಯ ಕಡೆಗೆ, ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸುವ ಆಟದ ಮೈದಾನವೊಂದಿತ್ತು. ಅದು ಮುಚ್ಚಿದಾಗ ಅಲ್ಲಿನ ನಾಲ್ಕು ಗಾಲಿಯ ಬೈಕುಗಳು ಮಾರಾಟಕ್ಕೆ ಬಂದವು. ಎಟಿವಿ ಎನ್ನುತ್ತಾರೆ. ದಪ್ಪ ಟೈರು, ಕೆಸರಿಗೂ ಕಲ್ಲಿಗೂ ಅಂಜುವುದಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಓಡುತ್ತದೆ. ಗೇರು ಹಾಕುವ ಗೋಜಿಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಅಂಥದೊಂದನ್ನು ಸಾಮಾನಿನ ಗಾಡಿಯಲ್ಲಿ ಹೇರಿ ಊರಿಗೆ ತಂದೆವು. ಮೊದಲ ದಿನ ಬಾಳೆಯ ಸಾಲುಗಳ ನಡುವೆ ತೋಟದ ಆ ತುದಿಯವರೆಗೆ ಹೋಗಿ, ಎಂಜಿನ್ ಆರಿಸಿ, ಸುಮ್ಮನೆ ಕುಳಿತೆ. ಅಲ್ಲೊಂದು ಹುಣಸೆ ಮರವಿದೆ ಎಂದು ಕೇಳಿದ್ದೆ. ಅಂದು ನೋಡಿದೆ.

ತೊಂದರೆ ಇದ್ದದ್ದು ದೀಪದಲ್ಲಿ. ಮುಂದೆ ಎರಡು ದೀಪ. ಡಿಮ್ ಹಾಕಿದರೆ ಎಡಗಡೆಯದು, ಹೈ ಹಾಕಿದರೆ ಬಲಗಡೆಯದು. ಎರಡೂ ಒಟ್ಟಿಗೆ ಉರಿಯುವಂತೆ ಕಂಪನಿಯವರು ಮಾಡಿರಲಿಲ್ಲ. ಉರಿದದ್ದೂ ಕಿತ್ತಳೆ ಬಣ್ಣದ ಮಂಕು ಬೆಳಕು. ಹಗಲಲ್ಲಿ ಮಕ್ಕಳು ಆಡುವ ಗಾಡಿಗೆ ಅಷ್ಟು ಸಾಕಾಗಿತ್ತೇನೋ. ನಮಗೆ ಪಂಪಿನ ಕರೆಂಟು ಬರುವುದೇ ಸಂಜೆ. ಹೊತ್ತು ಮುಳುಗಿದ ಮೇಲೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನೀರು ತಿರುಗಿಸಬೇಕು. ಆ ಸಂಜೆ ಹೈ ಹಾಕಿಕೊಂಡು ಹಾಗೆ ಹೋದಾಗಲೇ ದೂರದ ಬದು ಕಂಡಿತು, ಗಾಲಿಯ ಮುಂದಿನ ಕಾಲುವೆ ಕಾಣಲಿಲ್ಲ.

ಕಾಲುವೆಯಿಂದ ಗಾಡಿ ಎಳೆಸಿದ ಮೇಲೆ ತಮ್ಮ ಕೀಲಿ ತನ್ನ ಜೇಬಿಗೆ ಹಾಕಿಕೊಂಡ.

"ಹಗಲೆಲ್ಲಾ ನಿಂದಽ ಗಾಡಿ ಅಕ್ಕಾ. ಹೊತ್ತು ಮುಳುಗಿದ ಮ್ಯಾಲ ಬ್ಯಾಡ. ಅದೂ ಒಂದು ಲೈಟೇನು?"

"ಲೈಟ್ ಸರಿ ಆದ್ರ ಕೊಡ್ತಿ?"

"ಸರಿ ಆದ್ರ ನೋಡೂಣು."

ಅವನು ಕೆಟ್ಟವನಲ್ಲ. ಹೆದರಿದ್ದ. ಆದರೆ ಅವನ ಹೆದರಿಕೆಗಾಗಿ ನಾನು ಮತ್ತೆ ಕುರ್ಚಿಗೆ ಹೋಗುವವಳಲ್ಲ ಎಂದು ಆ ರಾತ್ರಿಯೇ ತೀರ್ಮಾನಿಸಿಕೊಂಡೆ.

ಮರುದಿನ ಬೆಳಿಗ್ಗೆ ದೀಪಗಳನ್ನೂ ಹ್ಯಾಂಡಲಿನ ಸ್ವಿಚ್ಚನ್ನೂ ಬಿಚ್ಚಿದೆ. ಬಿಚ್ಚುವ ಮೊದಲು ಒಂದೊಂದು ವೈರಿನ ಫೋಟೋ ಫೋನಿನಲ್ಲಿ ಹಿಡಿದಿಟ್ಟುಕೊಂಡೆ. ಎಲ್ಲವನ್ನೂ ಚೀಲಕ್ಕೆ ತುಂಬಿ ಕಲಬುರಗಿಯ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಚೀಲದಿಂದ ಇಣುಕುತ್ತಿದ್ದ ದೀಪ ನೋಡಿ, "ಟಂಟಂ ಆಟೋದ್ದೇನ್ರಿ?" ಎಂದಳು.

"ನಂದ್ರಿ" ಎಂದೆ.

ಕಾಳುಕಡಿಯ ಪೇಟೆಯಾದ ನೆಹರು ಗಂಜಿನ ಹಿಂದಿನ ಓಣಿಯಲ್ಲಿ ಲಾರಿಗಳ ವೈರಿಂಗ್ ಮಾಡುವ ಒಂದು ಅಂಗಡಿ. ಇಡೀ ಓಣಿಗೆ ತೊಗರಿಯ ಧೂಳು. ಅಂಗಡಿಯವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಬಿಳಿ ಗಡ್ಡ, ಕಿವಿಯ ಹಿಂದೆ ಒಂದು ಟೆಸ್ಟರು. ನನ್ನ ಮಾತು ಪೂರ್ತಿ ಕೇಳದೆಯೇ ಅವರು ತಲೆ ಅಲ್ಲಾಡಿಸಿದರು.

"ಗಾಡಿ ತರ್ರಿ ಅಕ್ಕಾ. ಗಾಡಿ ಇಲ್ಲದಽ ನಾ ಏನ್ ಮಾಡ್ಲಿ?"

"ಅದಕ್ಕ ನಂಬರ್ ಇಲ್ರಿ. ರೋಡಿಗೆ ತರೂ ಹಂಗಿಲ್ಲ. ನೀವಽ ಒಮ್ಮಿ ಬರ್ರಿ."

"ಹೊರಗ ಲಾರಿ ನಿಂತಾವ ನೋಡ್ರಿ. ಬಿಟ್ಟು ಕಮಲಾಪುರಕ್ಕ ಹ್ಯಾಂಗ ಬರ್ಲಿ?"

"ಗಾಡಿ ಬರಂಗಿಲ್ಲ, ನೀವೂ ಬರಂಗಿಲ್ಲ. ನಾ ಬಂದೀನಲ್ರಿ. ನನಗಽ ಕಲಿಸ್ರಿ."

ಅವರು ನನ್ನ ಕ್ಯಾಲಿಪರ್ ನೋಡಿದರು, ಚೀಲ ನೋಡಿದರು. "ಬೈಠೋ" ಎಂದು, ಮತ್ತೆ ನೆನಪಾದವರಂತೆ "ಕೂಡ್ರಿ" ಎಂದರು. ಕೈಯಲ್ಲಿದ್ದ ಲಾರಿಯ ಕೆಲಸ ಮುಗಿಸಿ ಬರುವವರೆಗೆ ನಾನು ಕುಳಿತೇ ಇದ್ದೆ. ಬಂದವರು ಹಲಗೆಯ ಮೇಲೆ ಒಂದು ಬ್ಯಾಟರಿ ಇಟ್ಟು, ನನ್ನ ದೀಪಕ್ಕೆ ಮೊದಲು ಅದರದೇ ತೆಳು ವೈರು, ಅದರದೇ ಸ್ವಿಚ್ಚು ಜೋಡಿಸಿದರು. ಅದೇ ಮಂಕು ಬೆಳಕು. ಆಮೇಲೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಹಿಡಿದರು. ಬೆಳಕು ಎದುರಿನ ಗೋಡೆಗೆ ಬೆಳ್ಳಗೆ ಬಡಿಯಿತು.

"ಬಲ್ಬ್ ಅದಽ ಅದ. ಕರೆಂಟ್ ಬರೂ ದಾರಿ ಸಣ್ಣದು" ಎಂದರು.

ಮಾಡಬೇಕಾದದ್ದು ಇಷ್ಟು. ಬ್ಯಾಟರಿಯಿಂದ ದೀಪಗಳಿಗೆ ದಪ್ಪ ವೈರು ಎಳೆಯಬೇಕು, ದಾರಿಯಲ್ಲಿ ಒಂದು ಫ್ಯೂಸ್ ಕೂರಿಸಬೇಕು. ನಡುವೆ ರಿಲೇ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ. ಹ್ಯಾಂಡಲಿನ ಸ್ವಿಚ್ಚು ಆ ಡಬ್ಬಿಗೆ ಸುದ್ದಿ ಮುಟ್ಟಿಸಿದರೆ ಸಾಕು, ಡಬ್ಬಿಯೇ ಎರಡೂ ದೀಪ ಒಟ್ಟಿಗೆ ಹಚ್ಚುತ್ತದೆ. ನನ್ನ ಕೈಯಲ್ಲೇ ಜೋಡಿಸಲು ಹೇಳಿದರು. ತಪ್ಪಿದೆ. "ಬಿಚ್ರಿ, ಮತ್ತ ಕಟ್ರಿ" ಎಂದರು. ಸರಿಯಾಗಿ ಉರಿದ ಮೇಲೂ ಅದನ್ನೇ ಹೇಳಿದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: "ಗಾಡ್ಯಾಗಿನ ಕರಿ ವೈರ್ ಅರ್ಥಿಂಗ್ ಇರ್ತದ, ಕರೆಂಟ್ ವಾಪಸ್ ಹೋಗೂ ದಾರಿ. ಅದನ್ನ ಗಾಡಿ ಕಬ್ಬಿಣದ ಬಾಡಿಗೆ ಬೋಲ್ಟ್ ಹಾಕಿ ಬಿಗೀರಿ."

ಮನೆಯ ಅಂಗಳದಲ್ಲಿ ಗೋಣಿಚೀಲ ಹಾಸಿ, ಎಡಗಾಲು ನೀಡಿಕೊಂಡು ಗಾಡಿಯ ಮುಂದೆ ಕುಳಿತೆ. ಮೊಣಕಾಲೂರಿ ಕೂರಲು ನನಗಾಗದು. ಹಾಗಾಗಿ ಒಂದು ಬದಿಯ ಕೆಲಸ ಮುಗಿಸಿ, ಕೈಯೂರಿ ಸರಿದು, ಇನ್ನೊಂದು ಬದಿಗೆ ಹೋಗಬೇಕಿತ್ತು. ಎಲ್ಲ ಜೋಡಿಸಿ, ಉಸ್ತಾದರು ಹೇಳಿದಂತೆ ಕರಿ ವೈರನ್ನು ಬಾಡಿಗೆ ಬಿಗಿದು, ತಮ್ಮನನ್ನು ಕರೆದೆ. ಅವನು ಕೀಲಿ ತಿರುವಿದ. ಚಿಟ್ ಎಂದಿತು. ದೀಪ ಹೋಗಲಿ, ಗಾಡಿಯೇ ಸತ್ತಿತು. ಗಾಡಿಯದೇ ಫ್ಯೂಸ್ ಸುಟ್ಟುಹೋಗಿತ್ತು. ಹೊಸದು ಹಾಕಿದೆ, ಅದೂ ಹೋಯಿತು.

"ಓಡೂ ಗಾಡಿ ಇತ್ತಲ್ಲಕ್ಕಾ" ಎಂದ ತಮ್ಮ. ಮೆಲ್ಲಗೆ ಹೇಳಿದ, ಅದಕ್ಕೇ ಹೆಚ್ಚು ಚುಚ್ಚಿತು. ನಾನು ಒಳಗೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ. ಚಿಟ್ ಎಂದ ಆ ಸದ್ದೇ ಕಿವಿಯಲ್ಲಿತ್ತು. ಬೆಳಗಾಗುವ ಹೊತ್ತಿಗೆ ಒಂದು ಮಾತು ಹೊಳೆದಿತ್ತು: ಉಸ್ತಾದರು ದೀಪ ನೋಡಿದ್ದರು, ಸ್ವಿಚ್ಚು ನೋಡಿದ್ದರು, ಗಾಡಿಯೊಳಗಿನ ವೈರುಗಳನ್ನು ನೋಡಿರಲಿಲ್ಲ. ಕರಿ ವೈರೇ ಅರ್ಥಿಂಗ್ ಎಂದದ್ದು ಲಾರಿಯ ಲೆಕ್ಕದಲ್ಲಿ.

ಹಳೆಯ ಇಂಡಿಕೇಟರಿನ ಪುಟ್ಟ ಬಲ್ಬಿಗೆ ಎರಡು ವೈರು ಕಟ್ಟಿದೆ. ಕರಿ ವೈರನ್ನು ಬಾಡಿಯಿಂದ ಬಿಚ್ಚಿ ಬೇರೆಯಿಟ್ಟು ಹೊಸ ಫ್ಯೂಸ್ ಹಾಕಿದೆ. ಬಲ್ಬಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕರಿ ವೈರಿಗೆ. ಕೀಲಿ ಹಾಕಿಸಿದೆ. ಬಲ್ಬು ಹತ್ತಿತು. ಅಂದರೆ ಕರಿ ವೈರಿನಲ್ಲೇ ಕರೆಂಟು ಬರುತ್ತಿತ್ತು. ನಾನು ಅದನ್ನು ನೇರ ಬಾಡಿಗೆ ಮುಟ್ಟಿಸಿ ಶಾರ್ಟ್ ಮಾಡಿದ್ದೆ. ಆಮೇಲೆ ಒಂದು ತುದಿ ಪ್ಲಸ್ಸಿಗೆ ಹಿಡಿದು ಉಳಿದ ವೈರುಗಳನ್ನು ಮುಟ್ಟುತ್ತ ಹೋದೆ. ಬಲ್ಬು ಹತ್ತಿದ್ದು ಹಸಿರಿಗೆ. ಈ ಗಾಡಿಯಲ್ಲಿ ಹಸಿರೇ ಅರ್ಥಿಂಗ್.

ಉಸ್ತಾದರಿಗೆ ಫೋನ್ ಮಾಡಿದೆ.

"ಕರೀದಽ ಅರ್ಥಿಂಗ್ ಇರ್ತದ ಅಕ್ಕಾ. ಎಲ್ಲಾ ಲಾರ್ಯಾಗ ಹಂಗಽ ಅದ."

"ಇದು ಲಾರಿ ಅಲ್ರಿ ಉಸ್ತಾದ್. ಬಲ್ಬ್ ಹಚ್ಚಿ ನೋಡೀನಿ. ಕರೀದ್ರಾಗ ಕರೆಂಟ್ ಬರ್ತದ."

ಆ ಕಡೆ ಅವರು ಯಾರಿಗೋ ಲಾರಿಯ ಎಂಜಿನ್ ಆರಿಸಲು ಹೇಳಿದರು. ಆಮೇಲೆ, "ಹಂಗಿದ್ರ ನೀವು ಹೇಳೂದಽ ಖರೆ. ನಾ ನೋಡದಽ ಹೇಳಿಬಿಟ್ಟೆ. ಹಸಿರು ವೈರಽ ಬಾಡಿಗೆ ಬಿಗೀರಿ" ಎಂದರು.

ಬಿಗಿದೆ. ಅಂದು ಸಂಜೆ ಕರೆಂಟು ಬಂದಾಗ ತಮ್ಮ ನನ್ನ ಹಿಂದೆ ಕುಳಿತ. ಸ್ವಿಚ್ಚು ಒತ್ತಿದೆ. ಎರಡೂ ದೀಪ ಒಟ್ಟಿಗೆ ಹತ್ತಿದವು. ಗಾಲಿಯ ಮುಂದಿನ ಹೆಂಟೆಯೂ ಕಂಡಿತು, ಸಾಲಿನ ಕೊನೆಯ ಬಾಳೆಯೂ ಕಂಡಿತು. ಎಲ್ಲ ಸಾಲುಗಳಿಗೂ ನೀರು ತಿರುಗಿಸಿ ಬಂದೆವು. ಮನೆ ಮುಂದೆ ಇಳಿದ ತಮ್ಮ ಕೀಲಿ ಗಾಡಿಯಲ್ಲೇ ಬಿಟ್ಟು ಊಟಕ್ಕೆ ಹೋದ.

ಅಂದಿನಿಂದ ಸಂಜೆಯ ನೀರು ನನ್ನದು. ಎಲ್ಲವೂ ಸರಿಹೋಯಿತು ಎಂದಲ್ಲ. ಬ್ಯಾಟರಿ ಸಣ್ಣದು; ಗಾಡಿ ನಿಲ್ಲಿಸಿ ದೀಪ ಹಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸೋಲುತ್ತದೆ. ಅದಕ್ಕೆ ನಿಂತಲ್ಲಿ ಆರಿಸುವುದು ರೂಢಿಯಾಯಿತು.

ಕೆಲವು ತಿಂಗಳ ಮೇಲೆ ನೆಂಟರ ಮದುವೆಗೆಂದು ಉಸ್ತಾದರು ಕಮಲಾಪುರಕ್ಕೆ ಬಂದವರು ತೋಟದ ದಾರಿ ಕೇಳಿಕೊಂಡು ಬಂದರು. ಮದುವೆಯ ಹೊಸ ಬಟ್ಟೆಯಲ್ಲೇ ಬಗ್ಗಿ ದೀಪದ ಹಿಂದಿನ ವೈರುಗಳನ್ನು ಒಂದೊಂದಾಗಿ ಹಿಡಿದು ಜಗ್ಗಿದರು. ಒಂದು ಅವರ ಕೈಗೇ ಬಂತು.

"ಇದು ಬರೇ ತಿರುವಿದ ಜಾಯಿಂಟ್. ಹಿಂಗ ಬಿಡಬ್ಯಾಡ್ರಿ ಅಕ್ಕಾ, ಗಾಡಿ ಕುಣಿದು ಕುಣಿದು ಬಿಚ್ಕೋತದ."

ಅವರು ನನ್ನ ಸಾಮಾನಿನ ಚೀಲದಿಂದ ವೈರು ಹೆರೆಯುವ ಪಕ್ಕಡ್ ಎತ್ತಿಕೊಂಡರು. ನಾನು ಕೈ ನೀಡಿದೆ. ಒಂದು ಗಳಿಗೆ ನನ್ನ ಮುಖ ನೋಡಿ, ಪಕ್ಕಡನ್ನು ನನ್ನ ಕೈಗಿಟ್ಟು, ಬಾಳೆಯ ನೆರಳಿಗೆ ಹೋಗಿ ಕುಳಿತರು. ನಾನು ಗಾಡಿಯ ಪಕ್ಕದಲ್ಲಿ ಕಾಲು ನೀಡಿ ಕುಳಿತು ವೈರಿನ ತುದಿ ಹೆರೆಯತೊಡಗಿದೆ.