ಬೋಳು ನಾಯಿಗಳ ಸೊರಾಯ್ದಾ

ಆಗಸ್ಟ್ ಎಂದರೆ ಇಲ್ಲಿ ಚಳಿಗಾಲ, ಮಂಜು ಇನ್ನೂ ಕರಗಿಲ್ಲ. ಪೆರುವಿನ ಮೊರ್ರೊಪೆ ಊರಾಚೆ, ಹಿಂದಿನವರು ಹಸಿ ಇಟ್ಟಿಗೆಯಲ್ಲಿ ಕಟ್ಟಿದ ಹಳೇ ಗುಡಿಯ ದಿಬ್ಬದ ಕೆಳಗೆ, ಸೊರಾಯ್ದಾ ಇನೊನ್ಯಾನ್ ಕುಕ್ಕರಗಾಲಲ್ಲಿ ಕೂತು ನಾಯಿಯೊಂದರ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ನಾಯಿಯ ನೆತ್ತಿಯ ಮೇಲೆ ನಾಲ್ಕು ಕೆಂಚು ಎಳೆ ಬಿಟ್ಟರೆ ಮೈಯೆಲ್ಲ ಬೋಳು. ಹೆಂಚಿನ ಮಸಿಯಂಥ ಬಣ್ಣ. "ಅಲ್ಲಾಡ್ಬೇಡ್ವೇ ಚಿಚಾ! ಬಿಸಿಲಿಗೆ ಮೈ ಬಿರಿದ್ರೆ ಆಮೇಲೆ ಕುಯ್ಯೋ ಮರ್ರೋ ಅನ್ನೋಳು ನೀನೇ" ಎಂದು ಗದರುತ್ತಾರೆ.

ದಿಬ್ಬ ಕಾಯುವುದು, ಗುಡಿಸುವುದು ಸೊರಾಯ್ದಾ ಅವರ ಕೆಲಸ. ಗಂಡ ಸಮುದ್ರದಿಂದ ಮರಳದ ವರ್ಷ ಈ ಕೆಲಸಕ್ಕೆ ಸೇರಿದರು. ದಿಬ್ಬದ ಜೊತೆಗೇ ನಾಯಿಗಳೂ ಅವರ ಪಾಲಿಗೆ ಬಂದವು. ವಿರಿಂಗೊ ಎಂಬ ಈ ತಳಿ ಹುಟ್ಟುವುದೇ ಕೂದಲಿಲ್ಲದೆ. ಹಲ್ಲೂ ಅರ್ಧಂಬರ್ಧ. ಚಳಿಗೆ ನಡುಗುತ್ತದೆ, ಬಿಸಿಲಿಗೆ ಸುಡುತ್ತದೆ, ಅಪರಿಚಿತರನ್ನು ಕಂಡರೆ ಗೋಡೆಗೆ ಅಂಟಿಕೊಳ್ಳುತ್ತದೆ. ಆದರೂ ಜನರ ಬಾಯಲ್ಲಿ ಅದು ಕಜ್ಜಿ ನಾಯಿ, ಶನಿ ನಾಯಿ. "ನಾನು ಅಂಗಡಿಗೆ ಹೋದ್ರೆ ಮೀನಿನವ್ಳು ಚಿಲ್ಲರೆ ಕೈಗೆ ಕೊಡಲ್ಲ, ಹಲಗೆ ಮೇಲೆ ಇಡ್ತಾಳೆ" ಎನ್ನುತ್ತಾರೆ ಸೊರಾಯ್ದಾ.

ಮೂರು ವರ್ಷದ ಹಿಂದೆ ಇಟ್ಟಿಗೆಗೂಡಿನ ಕೇರಿಯ ಮಕ್ಕಳಿಗೆ ತುರಿಕಜ್ಜಿ ಹತ್ತಿತು. ಇಟ್ಟಿಗೆ ಸುಡುವ ಎರ್ಮೋಹೆನೆಸ್ ಸುಕ್ಲುಪೆಯ ಮಗಳು ಯಾದಿರಾ ಮೈ ಕೆರೆದು ಕೆರೆದು ರಕ್ತ ಬರಿಸಿಕೊಂಡಿದ್ದಳು. ಆ ಮಗುವಿಗೆ ಚರ್ಚಿನಲ್ಲಿ ಧರ್ಮತಾಯಿಯಾಗಿ ನಿಂತವರು ಇದೇ ಸೊರಾಯ್ದಾ.

ಒಂದು ಬೆಳಗ್ಗೆ ಕೂಗಿದರೆ ನಾಯಿಗಳು ಬರಲಿಲ್ಲ. ಗೋಡೆಯ ಬುಡದಲ್ಲಿ ಮೂರು ಸೆಟೆದು ಬಿದ್ದಿದ್ದವು, ಬಾಯಲ್ಲಿ ನೊರೆ. ಪಕ್ಕದಲ್ಲಿ ಅರ್ಧ ತಿಂದ ಉಪ್ಪುಮೀನು. ಒಳಗೆ ಮಲಗಿದ್ದ ಚಿಚಾ ಒಬ್ಬಳೇ ಉಳಿದಿದ್ದಳು. ವಿಷ ಇಟ್ಟವನು ಅಡಗಿಕೊಳ್ಳಲೂ ಇಲ್ಲ.

"ನಾನೇ ಇಟ್ಟೆ, ಏನೀಗ? ನಿನ್ನ ಕಜ್ಜಿ ನಾಯಿ ಮುಖ್ಯಾನೋ, ನನ್ನ ಮಗಳು ಮುಖ್ಯಾನೋ?" ಎಂದು ಎರ್ಮೋಹೆನೆಸ್ ನಡುಬೀದಿಯಲ್ಲಿ ಕೂಗಿದ. ಠಾಣೆಯಲ್ಲಿ "ನಾಯಿ ತಾನೇ, ಹೋಗಮ್ಮ" ಎಂದರು. ಸೊರಾಯ್ದಾ ಗಟ್ಟಿ ನೆಲ ಅಗೆದು ಮೂರನ್ನೂ ತಾವೇ ಮಣ್ಣು ಮಾಡಿದರು. ಆಮೇಲೆ ಬಂದ ನರ್ಸು, ಈ ಕಜ್ಜಿ ಹರಡಿದ್ದು ಮನುಷ್ಯರಿಂದ ಮನುಷ್ಯರಿಗೆ, ಹಾಸಿಗೆ ಬಟ್ಟೆ ಕುದಿಸಿ ಎಂದಳು. ಕುದಿಸಿದರು, ವಾಸಿಯಾಯಿತು. ತಪ್ಪಾಯಿತು ಎನ್ನಲು ಸೊರಾಯ್ದಾ ಅವರ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ.

ಕಳೆದ ಚಳಿಗಾಲದಲ್ಲಿ ಎರ್ಮೋಹೆನೆಸ್ ಬಂದ. ಟೋಪಿ ಕೈಯಲ್ಲಿತ್ತು.

"ಅಕ್ಕಾ, ಅಮ್ಮನ ಮಂಡಿ ಮಡಚಕ್ಕೇ ಆಗ್ತಿಲ್ಲ. ಈ ನಾಯಿ ಮೈ ಬಿಸಿಗೆ ನೋವು ಇಳಿಯುತ್ತೆ ಅಂತಾಳೆ. ಒಂದು ನಾಯಿ ಕೊಟ್ಟಿದ್ರೆ..."

"ಯಾವುದು ಬೇಕಪ್ಪಾ? ನೀನು ಮಣ್ಣಿಗೆ ಕಳಿಸಿದ್ಯಲ್ಲ, ಅವುಗಳಲ್ಲಿ ಒಂದನ್ನ ಅಗೆದು ಕೊಡ್ಲಾ?"

ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಆದರೆ ಮಾರನೆಯ ಮಧ್ಯಾಹ್ನ ಸೊರಾಯ್ದಾ ಚಿಚಾಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಆ ಮನೆಗೆ ಹೋದರು. "ಆ ಮುದುಕಿ ನಂಗೇನು ಮಾಡಿದ್ಲು?" ಎನ್ನುತ್ತಾರೆ. ಚಳಿಗಾಲವಿಡೀ ಹೋದರು. ನಾಯಿ ಅವನ ಅಮ್ಮ ಪೆರ್ಪೆತುವಾ ಅಜ್ಜಿಯ ಮಂಡಿಗೆ ಮೈಚಾಚಿ ಮಲಗುತ್ತಿತ್ತು. ಸೊರಾಯ್ದಾ ಪಕ್ಕದ ಸ್ಟೂಲಿನಿಂದ ಏಳುತ್ತಿರಲಿಲ್ಲ. ಆ ಮನೆಯ ಒಂದು ಚೂರು ರೊಟ್ಟಿಯನ್ನೂ ನಾಯಿಗೆ ಮುಟ್ಟಗೊಡಲಿಲ್ಲ.

ಅಜ್ಜಿ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹೆಣ ತಣ್ಣಗಾದರೂ ಚಿಚಾ ಮಂಚದಿಂದ ಇಳಿಯಲಿಲ್ಲ. ಕೊನೆಗೆ ಎರ್ಮೋಹೆನೆಸನೇ ಅವಳನ್ನು ಎತ್ತಿದ. ಅವನು ಆ ಜಾತಿಯ ನಾಯಿಯನ್ನು ಮುಟ್ಟಿದ್ದು ಅದೇ ಮೊದಲು. ಎತ್ತಿಕೊಂಡವನು ಬಹಳ ಹೊತ್ತು ಕೆಳಗಿಡಲಿಲ್ಲ. "ಎಷ್ಟು ಬಿಸಿ ಇದೆಯಲ್ಲ" ಎಂದನೇ ಹೊರತು ತಪ್ಪಾಯಿತು ಎನ್ನಲಿಲ್ಲ.

ಸೊರಾಯ್ದಾ ಅದನ್ನು ಕ್ಷಮೆ ಕೇಳಿದಂತೆ ಎಂದುಕೊಂಡಿಲ್ಲ. ಈಗಲೂ ಗೋಡೆಯ ಸುತ್ತ ನೋಡಿ ಬಂದ ಮೇಲೆಯೇ ನಾಯಿಯನ್ನು ಹೊರಗೆ ಬಿಡುತ್ತಾರೆ. ತಮ್ಮ ನಂತರ ಈ ಕೆಲಸಕ್ಕೆ ಯಾರು ಬರುತ್ತಾರೆಂದು ಸೊರಾಯ್ದಾ ಅವರಿಗೆ ಗೊತ್ತಿಲ್ಲ.

"ಯಾರಾದ್ರೂ ಬರ್ಲಿ. ಬಂದೋರು ಮೊದ್ಲು ಬರಿಗೈಲಿ ಇವಳ ಮೈ ಮುಟ್ಲಿ. ನಾನು ಕೇಳೋದು ಅಷ್ಟೇ."