ಗಾಜಿನ ಮೇಲೆ ಇಟ್ಟ ಕುಂಕುಮ

ಆಗೆಲ್ಲ ನಮ್ಮ ಹೊನ್ನವಳ್ಳಿಯಲ್ಲಿ ಅಟ್ಟದ ಕೊಬ್ಬರಿ ಸುಲಿದು ತಿಪಟೂರು ಮಾರ್ಕೆಟ್ಟಿಗೆ ಹಾಕಿದ ಕೂಡಲೇ ಹೆಂಗಸರಿಗೆ ಒಡವೆಯ ಹುಚ್ಚು ಹತ್ತುತ್ತಿತ್ತು. ಹಳೆಯದನ್ನೆಲ್ಲ ಅಕ್ಕಸಾಲಿಗೆ ಕೊಟ್ಟು ಕರಗಿಸುವುದು, ಹೊಸ ಡಿಸೈನು ಮಾಡಿಸುವುದು. ಅಪ್ಪನ ಅಕ್ಕ, ನಮ್ಮ ಅತ್ತೆಗೆ, ಈ ಹುಚ್ಚು ಎಲ್ಲರಿಗಿಂತ ಒಂದು ಕೈ ಹೆಚ್ಚು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನ ಮ್ಯೂಸಿಯಂ ಒಂದರಲ್ಲಿ ಹಳೆಯ ಕಾಲದ ಒಡವೆಗಳ ಪ್ರದರ್ಶನವಿದೆ ಎಂದು ಪೇಪರಿನಲ್ಲಿ ಬಂದದ್ದೇ ತಡ, ಡಿಸೈನು ನೋಡಿಕೊಂಡು ಬರೋಣವೆಂದು ನನ್ನನ್ನೂ ಚಿಕ್ಕಮ್ಮನನ್ನೂ ರೈಲು ಹತ್ತಿಸಿದಳು.

ಚಿಕ್ಕಮ್ಮ ಎಂದರೆ ಅಮ್ಮ ತೀರಿಕೊಂಡ ಮೇಲೆ ಅಪ್ಪ ಮದುವೆಯಾದವಳು. ಅವಳ ಕೊರಳಲ್ಲಿ ತಾಳಿಯ ಪಕ್ಕ ಇನ್ನೊಂದು ಪುಟ್ಟ ಚಿನ್ನದ ಬಿಲ್ಲೆ ಇತ್ತು, ಅದರ ಮೇಲೆ ಒಂದು ಹೆಂಗಸಿನ ಆಕಾರ. ಅದು ಸವತಿ ತಾಳಿ. ಮೊದಲ ಹೆಂಡತಿ ಸತ್ತರೆ ಅವಳ ಹೆಸರಿನಲ್ಲಿ ಎರಡನೆಯವಳಿಗೆ ಅದನ್ನು ಕಟ್ಟುವುದು ನಮ್ಮ ಮನೆತನದ ಪದ್ಧತಿ. ಚಿಕ್ಕಮ್ಮ ದಿನಾ ಸ್ನಾನ ಮಾಡಿ ಮೊದಲು ಅದಕ್ಕೆ ಕುಂಕುಮ ಇಡುತ್ತಿದ್ದಳು, ತನ್ನ ಹಣೆಗೆ ಆಮೇಲೆ. ಮನೆಯಲ್ಲಿ ಅಮ್ಮನದೊಂದು ಫೋಟೋ ಕೂಡ ಇರಲಿಲ್ಲ. ನನ್ನ ಪಾಲಿಗೆ ಅಮ್ಮನೆಂದರೆ ಆ ಬಿಲ್ಲೆಯೇ. ಅತ್ತೆಗೆ ಅದರ ಮೇಲೂ ಕಣ್ಣು.

ಪ್ರದರ್ಶನದ ಕೋಣೆಯಲ್ಲಿ ನುಸಿಗುಳಿಗೆಯ ವಾಸನೆ, ಅದರ ಜೊತೆಗೆ ಜನರ ಬೆವರು, ಬಾಡಿದ ಮಲ್ಲಿಗೆ. ಎಲ್ಲರೂ ಗಾಜಿಗೆ ಮುಖ ಒತ್ತಿ ಒತ್ತಿ ಗಾಜಿನ ತುಂಬ ಜಿಡ್ಡು. ಕಾಸಿನ ಸರ, ಡಾಬು, ನಾಗರ ಜಡೆ, ಯಾವುದರ ಮುಂದೆ ನಿಂತರೂ ಒಂದೇ ಮಾತು, ಎಷ್ಟು ತೂಗಬಹುದು ಎಂದು. ಅತ್ತೆಯಂತೂ ಎಲೆಅಡಿಕೆಯ ಬಾಯಿ ಚಪ್ಪರಿಸುತ್ತಾ, ಆ ಕೆಂಪು ಬೆರಳಿನಲ್ಲೇ ಗಾಜಿನ ಮೇಲೆ ಡಿಸೈನು ಗೀರುತ್ತಿದ್ದಳು. ನಾನು ಚಿಕ್ಕಮ್ಮನ ಸೆರಗು ಹಿಡಿದು ಅತ್ತೆಯಿಂದ ದೂರ ಸರಿದೆ.

ಕೊನೆಯ ಗಾಜಿನ ಪೆಟ್ಟಿಗೆಯ ಮುಂದೆ ಚಿಕ್ಕಮ್ಮ ನಿಂತುಬಿಟ್ಟಳು. ಒಳಗೆ ಸಾಲಾಗಿ ಸವತಿ ತಾಳಿಗಳು, ಬಟ್ಟೆಗೆ ಗುಂಡುಪಿನ್ನು ಚುಚ್ಚಿ ಸಿಕ್ಕಿಸಿದ್ದರು. ಅವಳು ಚಪ್ಪಲಿ ಬಿಟ್ಟಳು. ಸೆರಗಿನ ಗಂಟಿನಿಂದ ಕುಂಕುಮ ತೆಗೆದು, ಒಬ್ಬೊಬ್ಬರಿಗೂ ಒಂದೊಂದು ಬೊಟ್ಟು ಗಾಜಿನ ಮೇಲೆ ಇಟ್ಟು ಕೈ ಮುಗಿದಳು. ಸುತ್ತಲಿನವರು ಕಿಸಕ್ಕೆಂದರು. ಕಾವಲಿನವನು ಬಂದು, ಕತ್ತಿನ ಬೆವರು ಒರೆಸಿಕೊಂಡ ಬಟ್ಟೆಯಲ್ಲೇ ಅದನ್ನು ಒರೆಸಿ ಹಾಕಿದ. ಅತ್ತೆಯೂ ಅವರೊಂದಿಗೆ ಸೇರಿ ನಕ್ಕಳು. ಅಷ್ಟು ಅಸಹ್ಯವಾದ ನಗು ನಾನು ಬೇರೆ ಕೇಳಿಲ್ಲ.

"ಸತ್ತೋಳನ್ನ ಕತ್ತಲ್ಲಿ ಕಟ್ಕಂಡು ಇನ್ನೆಷ್ಟು ದಿನ ತಿರುಗ್ತೀಯೇ? ಬಿಚ್ಚಿ ಕೊಡು, ಬಳೆಗೆ ಸೇರ್ಸಣ," ಎಂದಳು.

ಚಿಕ್ಕಮ್ಮ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಅಕ್ಕನ್ನ ಕರಗ್ಸಾಕೆ ನಾನು ಕೊಡಲ್ಲ ಅತ್ಗೆ. ಬೇಕಾದ್ರೆ ನಂದು ತಗಳ್ಳಿ."

ಯಾವತ್ತೂ ಎದುರಾಡದವಳು ಅಷ್ಟು ಹೇಳಿ, ನನ್ನ ಕೈ ಹಿಡಿದು ಹೊರಗೆ ಬಂದಳು.

ನಾನು ಡಿಗ್ರಿ ಓದುವಾಗ ಚಿಕ್ಕಮ್ಮನೂ ಹೋದಳು. ಹೆಣ ಎತ್ತುವ ಮೊದಲೇ ಅತ್ತೆ ಅವಳ ಕೊರಳು ಬರಿದು ಮಾಡಿದ್ದಳು. ನನ್ನ ಮದುವೆಯಲ್ಲಿ ಬಳೆ ತೊಡಿಸುತ್ತಾ, "ನಿಮ್ಮಮ್ಮಂದೂ ಐತೆ, ಚಿಕ್ಕಮ್ಮಂದೂ ಐತೆ ಕಣೇ ಇದ್ರಲ್ಲಿ," ಎಂದು ಹೆಮ್ಮೆಯಿಂದ ಹೇಳಿದಳು. ನೋಡಿದವರೆಲ್ಲ ಡಿಸೈನು ಹೊಗಳುತ್ತಾರೆ. ನನಗೆ ಕೈಯನ್ನು ತಿಕ್ಕಿ ತೊಳೆಯಬೇಕು ಅನ್ನಿಸುತ್ತದೆ. ಗಾಜಿನೊಳಗಿನ ಆ ಹೆಂಗಸರು, ಯಾರ ಮನೆಯವರೋ, ಇಂದಿಗೂ ಪಿನ್ನು ಚುಚ್ಚಿಸಿಕೊಂಡಾದರೂ ಉಳಿದಿದ್ದಾರೆ. ನನ್ನ ಬಳೆಯಲ್ಲಿ ಅಮ್ಮ ಯಾವ ಕಡೆ, ಚಿಕ್ಕಮ್ಮ ಯಾವ ಕಡೆ ಎಂದು ಯಾವ ಅಕ್ಕಸಾಲಿಯೂ ಹೇಳಲಾರ.